ಆಕ್ಲೆಂಡ್: ರೇಸ್ ಟ್ರ್ಯಾಕಿನ ಬೇಲಿಗೆ ತಾಗಿದ ಮನೆ

ಮನುಷ್ಯನ ನಾಗರಿಕತೆಯೆಂದರೆ ವೇಗದ ಚರಿತ್ರೆ, ಚಕ್ರವನ್ನು ಕಂಡುಹಿಡಿದ ದಿನದಿಂದ ಅವನು ಹಿಂತಿರುಗಿ ನೋಡಿಲ್ಲ ಎಂದು ಬಲ್ಲವರು ಹೇಳುತ್ತಾರೆ. ನಾನು ಆಕ್ಲೆಂಡಿನಲ್ಲಿ ಇಳಿದಾಗ ನನ್ನ ಸೂಟ್‌ಕೇಸು ಇನ್ನೂ ಸಿಂಗಪುರದಲ್ಲಿತ್ತು. ಅದಕ್ಕೆ ನಾಲ್ಕು ಚಕ್ರಗಳಿದ್ದವು.

ನನ್ನ ಜೊತೆಗೆ ಬಂದದ್ದು ಕಾಲಲ್ಲಿದ್ದ ಬೂಟು ಮಾತ್ರ. ಅದರ ಅಡಿಗೆ ಮೈಸೂರಿನ ಮಣ್ಣು ಮೆತ್ತಿಕೊಂಡಿರುವುದನ್ನು ವಿಮಾನ ನಿಲ್ದಾಣದ ಅಧಿಕಾರಿಣಿಯೊಬ್ಬಳು ಕಂಡು, ಬೂಟನ್ನು ಬಿಚ್ಚಿಸಿ, ಒಳಗೆ ಒಯ್ದು, ತೊಳೆದು, ಒರೆಸಿ ತಂದುಕೊಟ್ಟಳು. ಹೊರಗಿನ ಮಣ್ಣು ಆ ದೇಶದೊಳಗೆ ಬರಕೂಡದಂತೆ. ಸರ್ಕಾರಿ ಕಚೇರಿಗೆ ಅಲೆದು ನನ್ನ ಬೂಟು ಸವೆದದ್ದುಂಟು. ಸರ್ಕಾರವೇ ನನ್ನ ಬೂಟು ತೊಳೆದದ್ದು ಅದೇ ಮೊದಲು. ಈ ದೇಶದಲ್ಲಿ ಕೆಲವು ತಿಂಗಳು ಇರಬಹುದು ಎಂದು ಅಲ್ಲೇ ನಿಶ್ಚಯಿಸಿದೆ.

ಮೌಂಟ್ ರಾಸ್ಕಿಲ್

ನನ್ನ ತಂಗಿಯ ಮಗಳು ಸುಧಾ ಮತ್ತು ಅವಳ ಗಂಡ ಗುರುರಾಜ ಮೌಂಟ್ ರಾಸ್ಕಿಲ್ ಎಂಬ ಬಡಾವಣೆಯಲ್ಲಿ ಬಾಡಿಗೆಗಿದ್ದರು. ಸುಧಾ ಮೈಸೂರಿನವಳು, ಗುರುರಾಜ ಧಾರವಾಡದವನು. ಇಬ್ಬರೂ ಕನ್ನಡವನ್ನೇ ಆಡುತ್ತಾರೆ, ಆದರೆ ಒಂದೇ ಕನ್ನಡವನ್ನಲ್ಲ. ಏಳು ವರ್ಷದ ಮಗಳು ಅದಿತಿ ಎರಡನ್ನೂ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಮನೆಯಲ್ಲಿ ಸಮತೋಲ ಕಾಯುತ್ತಾಳೆ.

ನಾನು ಹೋದಾಗ ಮನೆಯಲ್ಲಿ ಗಾಳಿ ಸರಿ ಇರಲಿಲ್ಲ. ಬಾಡಿಗೆ ಮನೆಯ ಒಡೆಯ ಮನೆಯನ್ನು ಮಾರುತ್ತಿದ್ದ. ಬೇಸಿಗೆ ಮುಗಿಯುವುದರೊಳಗೆ, ಎಂದರೆ ಅಲ್ಲಿಯ ಲೆಕ್ಕದಲ್ಲಿ ಫೆಬ್ರವರಿಯೊಳಗೆ, ಇವರು ಜಾಗ ಖಾಲಿಮಾಡಬೇಕು. ಅಲ್ಲಿ ಮನೆ ಕೊಳ್ಳುವುದು ಬಹುಮಟ್ಟಿಗೆ ಹರಾಜಿನಲ್ಲಿ. ನಮ್ಮಲ್ಲಿ ಜನ ಶನಿವಾರ ಹನುಮಂತನ ಗುಡಿಗೆ ಹೋಗುವ ಹಾಗೆ ಇವರು ವರ್ಷದಿಂದ ಪ್ರತಿ ಶನಿವಾರ ಒಂದೊಂದು ಹರಾಜಿಗೆ ಹೋಗಿ, ಸೋತು, ಬರುವ ದಾರಿಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ಬರುತ್ತಿದ್ದರು.

"ಈಗ ಒಂದು ಮನೆ ಸಿಕ್ಕಿದೆ ಮಾವ," ಎಂದಳು ಸುಧಾ. "ಬಾಗಿಲು ಪೂರ್ವಕ್ಕೆ. ಅಡುಗೆಮನೆ ಆಗ್ನೇಯಕ್ಕೆ. ಈಶಾನ್ಯದಲ್ಲಿ ಖಾಲಿ ಜಾಗ. ಮೈಸೂರಲ್ಲೂ ಇಷ್ಟು ಸರಿಯಾಗಿ ಸಿಗಲ್ಲ."

"ಹಿತ್ತಲಾಗ ಏನೈತಿ ಅದನೂ ಹೇಳು," ಎಂದ ಗುರುರಾಜ.

"ಹಿತ್ತಲಲ್ಲಿ ಬೇಲಿ."

"ಬೇಲಿ ಆಚೀಕ?"

"ಕಾರ್ ರೇಸು," ಎಂದಳು ಸುಧಾ, ಹಪ್ಪಳ ಕರಿಯುತ್ತ.

ಆ ಮನೆ ನ್ಯೂ ಲಿನ್ ಎಂಬ ಬಡಾವಣೆ ದಾಟಿ ಇನ್ನೂ ಪಶ್ಚಿಮಕ್ಕಿತ್ತು. ಟ್ರ್ಯಾಕಿನ ಹೆಸರು ಹೇಳುವುದಿಲ್ಲ. ಅಲ್ಲಿ ಈಗ ನೆರೆಹೊರೆ ಚೆನ್ನಾಗಿದೆ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು. ಬೇಸಿಗೆಯ ಶನಿವಾರಗಳಂದು ಸಂಜೆಯಿಂದ ಹತ್ತರವರೆಗೆ ಹಳೇ ಕಾರುಗಳು ಅದನ್ನು ಸುತ್ತುತ್ತವೆ, ಒಂದನ್ನೊಂದು ಗುದ್ದುತ್ತವೆ. ಮೂರು ಕಡೆ ಗೋಡೌನುಗಳು. ಬೇಲಿಗೆ ತಾಗಿದ ಮನೆ ಇದೊಂದೇ. ಅಲ್ಲಿದ್ದ ಹಿಂದಿನ ಮನುಷ್ಯ ನಗರಸಭೆಯಾದ ಕೌನ್ಸಿಲ್‌ಗೆ ಎಷ್ಟು ದೂರು ಬರೆದಿದ್ದನೆಂದರೆ, ರೇಸಿನ ದಿನಗಳನ್ನು ಅರ್ಧಕ್ಕೆ ಇಳಿಸಿದ್ದರು. ಈ ಬೇಸಿಗೆಯಲ್ಲೂ ಸದ್ದಿನ ದೂರು ಬಂದರೆ ಮುಂದಿನ ವರ್ಷ ಅನುಮತಿ ಕೊಡುವುದು ಸಂಶಯ ಎಂದೂ ಕೌನ್ಸಿಲ್ ತಿಳಿಸಿತ್ತು.

ಇದನ್ನೆಲ್ಲ ಹೇಳಿದವನು ಮೌಂಟ್ ರಾಸ್ಕಿಲ್ಲಿನಲ್ಲಿ ಇವರ ಪಕ್ಕದ ಮನೆಯ ಕೆವಿನ್. ಎಪ್ಪತ್ತು ದಾಟಿದ ಮೆಕ್ಯಾನಿಕ್; ಅದೇ ಟ್ರ್ಯಾಕಿನಲ್ಲಿ ಬಹಳ ವರ್ಷಗಳಿಂದ ಬಾವುಟ ಬೀಸುವವನು. ಹಸಿರು ಬೀಸಿದರೆ ಓಟ, ಕೆಂಪು ಬೀಸಿದರೆ ಎಲ್ಲರೂ ನಿಲ್ಲಬೇಕು. ಅವನ ಇಂಗ್ಲಿಷಿನಲ್ಲಿ ಅರ್ಧ ನನಗೆ, ಉಳಿದರ್ಧ ಗುರುರಾಜನಿಗೆ ತಿಳಿಯುತ್ತಿತ್ತು. ಎರಡನ್ನೂ ಸೇರಿಸಿ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ನಾವು ಆ ಮನೆ ನೋಡಿದ ಸುದ್ದಿ ಕೇಳಿ ಅವನ ಮುಖ ಗಂಟಾಯಿತು. "ಮೊದಲ ಬೇಸಿಗೆ ಬೇಲಿ ಮೇಲಿಂದ ಸಿಹಿ ಕೊಡ್ತೀರಿ," ಎಂದ. "ಎರಡನೇ ಬೇಸಿಗೆ ಕೌನ್ಸಿಲ್‌ಗೆ ಬರೀತೀರಿ. ಈ ಊರಲ್ಲಿ ಎಲ್ಲಾ ಟ್ರ್ಯಾಕೂ ಹಾಗೇ ಸತ್ತದ್ದು."

"ನಾವು ಹಂಗಲ್ಲ," ಎಂದ ಗುರುರಾಜ.

"ಮನೆ ಕೊಳ್ಳೋಕೆ ಮೊದಲು ಸ್ಮಶಾನ ನೋಡಿ ಬನ್ನಿ," ಎಂದ ಕೆವಿನ್. "ನಾನೇ ತೋರಿಸ್ತೀನಿ. ಪೆಟ್ರೋಲು ನಿಮ್ಮದು."

ಲೋಕದ ಜನ ನ್ಯೂಜಿಲೆಂಡಿಗೆ ಹೋಗಿ ಹಿಮಪರ್ವತ ನೋಡುತ್ತಾರೆ. ನಾನು ಸತ್ತ ರೇಸ್ ಟ್ರ್ಯಾಕುಗಳ ತೀರ್ಥಯಾತ್ರೆಗೆ ಹೊರಟದ್ದು ಹೀಗೆ.

ಮುರಿವಾಯ್

ಮುರಿವಾಯ್ ಒಂದು ಕಡಲತೀರ. ಮರಳು ಕಪ್ಪು, ಊರಿಡೀ ಸೌದೆ ಒಲೆ ಉರಿಸಿ ಬೂದಿ ಇಲ್ಲಿಗೆ ತಂದು ಸುರಿದಂತಿದೆ. ಕೆವಿನ್ನನ ತಂದೆಯ ಕಾಲದಲ್ಲಿ ಸಮುದ್ರ ಹಿಂದೆ ಸರಿದಾಗ ಈ ಗಟ್ಟಿ ಮರಳಿನ ಮೇಲೆ ಕಾರುಗಳು ಓಡುತ್ತಿದ್ದವಂತೆ. ಸಮುದ್ರ ಮತ್ತೆ ಬರುವುದರೊಳಗೆ ಗೆದ್ದವರು ಸೋತವರು ಎಲ್ಲ ತೀರ್ಮಾನವಾಗಬೇಕು.

"ಇದನ್ನ ಯಾರು ನಿಲ್ಲಿಸಿದ್ದು?" ಎಂದೆ.

"ಇಲ್ಲಿ ಯಾರೂ ದೂರು ಕೊಡಲಿಲ್ಲ," ಎಂದ ಕೆವಿನ್ ಗೌರವದಿಂದ. "ಸಮುದ್ರವೇ ಪಕ್ಕದ ಮನೆ. ಅದು ದಿನಕ್ಕೆರಡು ಸಲ ಬಂದು ಟ್ರ್ಯಾಕನ್ನೇ ಅಳಿಸಿ ಹೋಗೋದು."

ಚರಿತ್ರೆಯನ್ನು ಸರಿಯಾಗಿ ಅನುಭವಿಸಬೇಕೆಂದು ಗುರುರಾಜ ತನ್ನ ಕಾರನ್ನು ಸ್ವಲ್ಪ ಮರಳಿಗೆ ಇಳಿಸಿದ. ಅವನು ಇಳಿಸಿದ್ದು ಗಟ್ಟಿ ಮರಳಿಗಲ್ಲ. ಹಿಂದಿನ ಚಕ್ರಗಳು ಹೂತವು. ಅಲೆ ದೂರದಲ್ಲಿತ್ತು, ಆದರೆ ನಮ್ಮ ಕಡೆಗೇ ಮುಖ ಮಾಡಿತ್ತು.

ನಮ್ಮಲ್ಲಾಗಿದ್ದರೆ ಹತ್ತು ಜನ ಸೇರುತ್ತಿದ್ದರು, ಇಪ್ಪತ್ತು ಸಲಹೆ ಬರುತ್ತಿತ್ತು, ಒಬ್ಬರು ಡ್ರೈವರನ ಜಿಲ್ಲೆ ಕೇಳುತ್ತಿದ್ದರು. ಇಲ್ಲಿ ಬಂದದ್ದು ಒಂದು ಯೂಟ್. ಹಿಂದೆ ತೆರೆದ ತೊಟ್ಟಿಯಿರುವ ಗಾಡಿಗೆ ಅವರಿಡುವ ಹೆಸರು. ಅದರಿಂದ ಬರಿಗಾಲಿನ ಒಬ್ಬ ಇಳಿದ. ಮಾತಾಡದೆ ಹಗ್ಗ ಕಟ್ಟಿದ, ಎಳೆದ, ಹಗ್ಗ ಬಿಚ್ಚಿದ. ಗುರುರಾಜ ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ಹೊರಟೇಹೋದ. ಆ ಮನುಷ್ಯನನ್ನೇ ಸಂಜೆ ದಿನಸಿ ಅಂಗಡಿಯಲ್ಲಿ ಕಂಡೆವು, ಅಲ್ಲೂ ಬರಿಗಾಲು. ನಾವು ದೇವಸ್ಥಾನಕ್ಕೆ ತೋರಿಸುವ ಗೌರವವನ್ನು ಆ ಜನ ಹಾಲು ಬ್ರೆಡ್ಡಿಗೆ ತೋರಿಸುತ್ತಾರೆ.

"ಮಾಮಾ, ಮನಿಯಾಗ ಸುಧಾಗ ಹೇಳಬ್ಯಾಡ್ರಿ," ಎಂದ ಗುರುರಾಜ.

ಹೇಳಬೇಕಾಗಲಿಲ್ಲ. ಕಾರಿನಿಂದ ಒಂದು ವಾರ ಕಪ್ಪು ಮರಳು ಉದುರುತ್ತಿತ್ತು.

ಆರ್ಡ್ಮೋರ್ ಮತ್ತು ಒಂದು ಕುಳಿ

ಮರುವಾರ ದಕ್ಷಿಣದ ಆರ್ಡ್ಮೋರಿಗೆ ಹೋದೆವು. ಅದೊಂದು ವಿಮಾನದ ಬಯಲು. ಯುದ್ಧ ಮುಗಿದ ಮೇಲೆ ಅದರ ರನ್‌ವೇಗಳಲ್ಲಿ ಕಾರುಗಳನ್ನು ಓಡಿಸಿದರು. ಹುಲ್ಲಿನ ಚೀಲಗಳನ್ನು ಜೋಡಿಸಿದರೆ ಮೂಲೆ ತಿರುವು ಸಿದ್ಧವಂತೆ. ಯುರೋಪಿನಿಂದ ಹೆಸರಾಂತ ಓಟಗಾರರು ಬರುತ್ತಿದ್ದರು. ಕೆವಿನ್ ತಂದೆಯ ಹೆಗಲ ಮೇಲೆ ಕೂತು ನೋಡಿದ್ದ.

"ಏನು ನೋಡಿದಿ?" ಎಂದ ಗುರುರಾಜ.

"ಮುಂದಿದ್ದವನ ಟೋಪಿ."

ಈಗ ಅಲ್ಲಿ ಪುಟ್ಟ ವಿಮಾನಗಳು ಏರಿಳಿಯುತ್ತವೆ. ಸುತ್ತ ಹೊಸ ಮನೆಗಳೆದ್ದಿವೆ. ಅವರು ವಿಮಾನದ ಸದ್ದು ಹೆಚ್ಚಾಯಿತು ಎನ್ನತೊಡಗಿದ್ದಾರಂತೆ. ಇದನ್ನು ಕೇಳಿ ನನಗೆ ಊರಿನ ನೆನಪಾಯಿತು. ರೈಲುಹಳಿಯ ಪಕ್ಕ ಅಗ್ಗಕ್ಕೆ ಸೈಟು ತೆಗೆದುಕೊಂಡು, ಗೃಹಪ್ರವೇಶದ ಮಾರನೆಯ ದಿನ ರೈಲು ಕೂಗುತ್ತದೆಂದು ಅರ್ಜಿ ಬರೆದವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬರು ರೈಲ್ವೆಯಲ್ಲೇ ಕೆಲಸದಲ್ಲಿದ್ದರು.

ಹಿಂದಿರುಗುವಾಗ ಕೆವಿನ್ ಒನೆಹುಂಗಾದಲ್ಲಿ ಕಾರು ನಿಧಾನ ಮಾಡಿಸಿದ. ಆಕ್ಲೆಂಡ್ ನಗರವೇ ಸತ್ತ ಜ್ವಾಲಾಮುಖಿಗಳ ಮೇಲೆ ಕಟ್ಟಿದ್ದು. ನಮ್ಮಲ್ಲಿ ಬೀದಿಗೊಂದು ಬೇವಿನ ಕಟ್ಟೆ ಇರುವ ಹಾಗೆ ಅವರಿಗೆ ಬಡಾವಣೆಗೊಂದು ಜ್ವಾಲಾಮುಖಿ. ಅಂಥದ್ದೊಂದರ ಕುಳಿಯೊಳಗೆ ಹಿಂದೆ ರೇಸ್ ಟ್ರ್ಯಾಕ್ ಇತ್ತಂತೆ. ಕುಳಿಯ ಅಂಚೇ ಗ್ಯಾಲರಿ. ಈಗ ಅದರ ಮೇಲೆ ಹೆದ್ದಾರಿ ಹಾದುಹೋಗಿದೆ.

"ಅಂದ್ರ ಈಗಲೂ ಇಲ್ಲಿ ಕಾರ್ ಓಡತಾವ," ಎಂದ ಗುರುರಾಜ.

"ಓಡುತ್ತವೆ. ಯಾರೂ ಗೆಲ್ಲಲ್ಲ, ಅದಕ್ಕೆ ಯಾರೂ ದೂರು ಕೊಡಲ್ಲ," ಎಂದ ಕೆವಿನ್. ಆ ಹೊತ್ತಿಗೆ ಯಾವ ಕಾರೂ ಓಡುತ್ತಿರಲಿಲ್ಲ. ಟ್ರಾಫಿಕ್ ಜಾಮಿನಲ್ಲಿ ನಾವು ಆ ಐತಿಹಾಸಿಕ ಸ್ಥಳವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ವೀಕ್ಷಿಸಿದೆವು.

ನಗರದ ನಡುವೆ ಇನ್ನೂ ಬದುಕಿರುವ ದೊಡ್ಡದೊಂದು ಟ್ರ್ಯಾಕಿದೆ, ಮೃಗಾಲಯದ ಪಕ್ಕದಲ್ಲೇ. ಅಲ್ಲಿಯ ಮನೆಗಳವರು ಸದ್ದಿನ ಮೇಲೆ ಬಹಳ ವರ್ಷ ಜಗಳವಾಡಿದ್ದಾರೆ. ಸಿಂಹಗಳು ದೂರು ಕೊಟ್ಟದ್ದು ಕೇಳಿಬಂದಿಲ್ಲ.

ಪುಕೆಕೊಹೆ

ಪುಕೆಕೊಹೆಯ ಮಣ್ಣು ಕೆಂಪು. ನೋಡಿದ ಕೂಡಲೇ ಬೂಟಿನ ಅಡಿ ಎತ್ತಿ ಪರೀಕ್ಷಿಸಿಕೊಂಡೆ. ಈರುಳ್ಳಿ, ಆಲೂಗಡ್ಡೆಯ ಊರು. ಹೊಲದ ಬದಿಯ ಕೆಲವು ಬೋರ್ಡುಗಳಲ್ಲಿ ಗುಜರಾತಿ, ಪಂಜಾಬಿ ಹೆಸರುಗಳು. ಅಲ್ಲಿ ಕುದುರೆ ರೇಸಿನ ಬಯಲಿನಲ್ಲೇ ಕಾರ್ ರೇಸಿನ ಟ್ರ್ಯಾಕೂ ಇದೆ. ಒಂದು ವಾರ ಕುದುರೆ, ಇನ್ನೊಂದು ವಾರ ಕಾರು. ಕೂಡುಕುಟುಂಬದಲ್ಲಿ ಒಂದೇ ಬಚ್ಚಲನ್ನು ಇಬ್ಬರು ವಾರಗಿತ್ತಿಯರು ಹಂಚಿಕೊಂಡಂತೆ ಅವರ ಸಂಸಾರ ನಡೆದಿದೆ. ಕೊನೆಗೆ ಇಲ್ಲಿ ಉಳಿಯುವುದು ಕುದುರೆಯೇ ಎಂದು ಕೆವಿನ್ನನ ಭವಿಷ್ಯ.

ಅವನೂ ಒಂದು ಕಾಲಕ್ಕೆ ಇಲ್ಲಿ ಕಾರು ಓಡಿಸಿದ್ದನಂತೆ.

"ಗೆದ್ದಿರಾ?" ಎಂದೆ.

"ನನ್ನ ಹಿಂದೆ ಆಂಬುಲೆನ್ಸ್ ಮಾತ್ರ ಇತ್ತು," ಎಂದ, ಮಾಂಸದ ಪೈ ತಿನ್ನುತ್ತ. ನಾವಿಬ್ಬರು ಸುಧಾ ಕಟ್ಟಿಕೊಟ್ಟ ಚಪಾತಿ ಬಿಚ್ಚಿದೆವು. ಅವನಿಗೂ ಒಂದು ಕೊಟ್ಟೆವು. ಅದನ್ನು ಪೈಯ ಮೇಲೆ ಸುತ್ತಿ ತಿಂದ. ಬೇರೆ ಕಡೆ ನೋಡಿದೆವು.

ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಈಚೆಗೆ ಕಟ್ಟಿದ ದೊಡ್ಡ ಟ್ರ್ಯಾಕಿಗೆ ಹೋದೆವು. ಗುಡ್ಡಗಳ ನಡುವೆ ಚೊಕ್ಕವಾಗಿದೆ. ಅದರ ಆಸುಪಾಸಿನಲ್ಲಿ ಒಂದು ಕಡೆ ನಗರದ ಕಸ ಹೂಳುವ ಜಾಗ, ಇನ್ನೊಂದು ಕಡೆ ಜೈಲು. ಸಮುದ್ರದಿಂದ ವಿಮಾನದ ಬಯಲಿಗೆ, ಅಲ್ಲಿಂದ ಕುದುರೆಯ ಬಯಲಿಗೆ ಓಡಿಸಿಕೊಂಡು ಬಂದ ಈ ಆಟಕ್ಕೆ ಕೊನೆಗೂ ಬಾಯಿ ತೆರೆಯದ ನೆರೆಹೊರೆ ಸಿಕ್ಕಿತ್ತು.

"ನೋಡಿ," ಎಂದ ಕೆವಿನ್. "ಮೊದಲು ಟ್ರ್ಯಾಕ್ ಬರುತ್ತೆ. ಆಮೇಲೆ ಮನೆ ಬರುತ್ತೆ. ಆಮೇಲೆ ಕೌನ್ಸಿಲ್‌ಗೆ ಪತ್ರ ಹೋಗುತ್ತೆ. ನಂದು ಚಿಕ್ಕ ಟ್ರ್ಯಾಕು. ಅದನ್ನ ಎತ್ತಿಕೊಂಡು ಜೈಲಿನ ಪಕ್ಕಕ್ಕೆ ಬರೋಕೆ ನಮ್ಮಲ್ಲಿ ಶಕ್ತಿ ಇಲ್ಲ. ಅಲ್ಲೇ ಮುಚ್ಚುತ್ತೆ."

ಗುರುರಾಜ ಚಪಾತಿಯ ಡಬ್ಬಿ ಮುಚ್ಚಿ ಎದ್ದು ನಿಂತ. ಇಂಗ್ಲಿಷಿನಲ್ಲಿ, ಸಾಕ್ಷಿಕಟ್ಟೆಯಲ್ಲಿ ನಿಂತವನಂತೆ, ತನ್ನ ಮನೆಯಿಂದ ಸದ್ದಿನ ಬಗ್ಗೆ ಒಂದೇ ಒಂದು ದೂರು ಹೋಗುವುದಿಲ್ಲವೆಂದು ಮಾತು ಕೊಟ್ಟ. ಬಳಿಕ ನನ್ನ ಕಡೆ ತಿರುಗಿ, "ಮಾಮಾ, ನಾ ಸಂತಿ ಬಾಜೂಕ ಬೆಳದಾಂವ. ಗದ್ದಲ ಇಲ್ಲಂದ್ರ ನನಗ ನಿದ್ದಿನ ಹತ್ತಂಗಿಲ್ಲ. ಹೇಳ್ರಿ ಇವರಿಗೆ," ಎಂದ.

ನಾನು ಹೇಳಿದೆ.

"ಹಿಂದಿನವನೂ ಹಾಗೇ ಹೇಳಿದ್ದ," ಎಂದ ಕೆವಿನ್. ಆದರೆ ವಾಪಸು ಬರುವಾಗ ಮುಂದಿನ ಸೀಟಿನಲ್ಲಿ ಕೂತ. ಅಲ್ಲಿಯವರೆಗೆ ಹಿಂದೆ ಕೂರುತ್ತಿದ್ದ.

ಹರಾಜು

ಹರಾಜು ಒಂದು ಶನಿವಾರ ಮಧ್ಯಾಹ್ನ, ಅದೇ ಮನೆಯ ಮುಂದಿನ ಹುಲ್ಲಿನ ಮೇಲೆ. ಅಂದು ರೇಸು ಇಲ್ಲವೆಂದು ಏಜೆಂಟ್ ಮೊದಲೇ ವಿಚಾರಿಸಿಕೊಂಡಿದ್ದ. ಹಕ್ಕಿ ಕೂಗುತ್ತಿತ್ತು. ಐದಾರು ಕುಟುಂಬಗಳು ಬಂದು ಅಡುಗೆಮನೆಯ ಕಪಾಟುಗಳನ್ನು ತೆರೆದು ಮುಚ್ಚಿ ನೋಡುತ್ತಿದ್ದವು. ಸುಧಾ ಬೆವರುತ್ತಿದ್ದಳು.

"ಅವರೆಲ್ಲಾ ಕೈ ಎತ್ತಿದ್ರೆ ಮುಗೀತು ಮಾವ," ಎಂದಳು. "ಫೆಬ್ರವರಿಗೆ ಬೀದಿಗೆ ಬೀಳ್ತೀವಿ."

ಹರಾಜಿನವನು ಗಂಟಲು ಸರಿಮಾಡಿಕೊಂಡು, "ಈ ಪ್ರಶಾಂತವಾದ ಬೀದಿಯಲ್ಲಿ" ಎನ್ನುವಷ್ಟರಲ್ಲಿ ಹಿತ್ತಲಿನಾಚೆ ಏನೋ ಕೆಮ್ಮಿತು. ಬಳಿಕ ಇನ್ನೊಂದು ಕೆಮ್ಮಿತು. ಬಳಿಕ ಹತ್ತು ಹದಿನೈದು ಒಟ್ಟಿಗೆ. ಕಿಟಕಿಯ ಗಾಜುಗಳು ನಡುಗಿದವು. ಹರಾಜಿನವನ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಂದೊಂದೇ ಕುಟುಂಬ ಕಾರು ಹತ್ತಿತು. ಕೊನೆಗೆ ಹುಲ್ಲಿನ ಮೇಲೆ ನಾವೂ, ಏಜೆಂಟನೂ, ಕಿವಿಗೆ ಕೈಯಿಟ್ಟ ಹರಾಜಿನವನೂ ಉಳಿದೆವು. ಗುರುರಾಜ ಕೈ ಎತ್ತಿದ. ಅದರ ಮೇಲೆ ಕೂಗಲು ಯಾರೂ ಇರಲಿಲ್ಲ; ಮನೆ ಸಿಕ್ಕಿತು.

ಸಂಜೆ ಕೆವಿನ್ನನನ್ನು ಕೇಳಿದೆವು.

"ಗುರುವಾರದ ಪ್ರ್ಯಾಕ್ಟೀಸು ಮಳೆಯಿಂದ ಮುಂದಕ್ಕೆ ಹೋಗಿತ್ತು," ಎಂದ.

ಗುರುವಾರ ಮಳೆ ಬಂದದ್ದು ನನಗೆ ನೆನಪಿಲ್ಲ. ಆದರೆ ಆ ಊರಿನಲ್ಲಿ ಮಳೆ ಒಂದು ಬೀದಿಗೆ ಬಂದು ಇನ್ನೊಂದಕ್ಕೆ ಬಾರದಿರುವುದುಂಟು.

ಗೋಧೂಳಿ

ಗೃಹಪ್ರವೇಶಕ್ಕೆ ಪುರೋಹಿತರಾಗಿ ಒಪ್ಪಿದವರು ಶ್ರೀಕಂಠ ಎನ್ನುವವರು. ವಾರದ ಐದು ದಿನ ಸಾಫ್ಟ್‌ವೇರಿನಲ್ಲಿ ದೋಷ ಹುಡುಕುತ್ತಾರೆ, ಶನಿವಾರ ಭಾನುವಾರ ಗ್ರಹಗಳಲ್ಲಿ. ಅವರು ತಿಥಿ ನೋಡಿದರು, ನಕ್ಷತ್ರ ನೋಡಿದರು, ರಾಹುಕಾಲವನ್ನು ಆಕ್ಲೆಂಡಿನ ಸೂರ್ಯನಿಗೆ ಹೊಂದಿಸಿ ಮತ್ತೊಮ್ಮೆ ನೋಡಿದರು. ಮಾಘ ಮಾಸದ ಒಂದು ಶನಿವಾರ, ಗೋಧೂಳಿ ಲಗ್ನ ಎಂದು ನಿಶ್ಚಯವಾಯಿತು. ಹಸು ಮನೆಗೆ ಮರಳುವ ಹೊತ್ತು; ಅಲ್ಲಿಯ ಬೇಸಿಗೆಯಲ್ಲಿ ಅದು ರಾತ್ರಿಯ ಊಟದ ಹೊತ್ತು. ಮನುಷ್ಯರಿಗಿಂತ ಹಸುಗಳೇ ಹೆಚ್ಚಾಗಿರುವ ಆ ದೇಶದಲ್ಲಿ ಮನೆಯೊಳಗೆ ಕರೆದೊಯ್ಯಲು ಒಂದು ಹಸು ಸಿಗಲಿಲ್ಲ. ಬೆಳ್ಳಿಯ ಹಸುವಿನಲ್ಲಿ ಪೂರೈಸಿದೆವು.

ಸುಧಾ ಕೆವಿನ್ನನನ್ನು ಕರೆದಳು. "ಶನಿವಾರ ಬರೋಕಾಗಲ್ಲ, ನನಗೆ ಕೆಲಸ ಇದೆ," ಎಂದ. ಕರೆದ ಕೂಡಲೇ ಬೇಡವೆನ್ನುವುದು ದೊಡ್ಡವರ ಮರ್ಯಾದೆ ಎಂದು ತಿಳಿದು ಅವಳು ಇನ್ನೊಮ್ಮೆ ಕರೆದಳು. ಅವನು ಇನ್ನೊಮ್ಮೆ ಅದನ್ನೇ ಹೇಳಿದ. ಶನಿವಾರ ಅವನಿಗಿರುವ ಕೆಲಸ ಯಾವುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪಂಚಾಂಗದಲ್ಲಿ ರೇಸಿನ ದಿನ ಬರೆದಿರುವುದಿಲ್ಲ.

ಹೋಮ ಹಿತ್ತಲಿನಲ್ಲಿ. ಅಲ್ಲಿಯ ಮನೆಗಳ ಸೂರಿನಲ್ಲಿ ಹೊಗೆ ಕಂಡರೆ ಕಿರುಚುವ ಯಂತ್ರ ಇರುತ್ತದೆ. ಹಿಂದೊಂದು ಮನೆಯಲ್ಲಿ ಶ್ರೀಕಂಠರ ಗಣಹೋಮಕ್ಕೆ ಅಗ್ನಿಶಾಮಕ ದಳವೇ ಬಂದಿತ್ತಂತೆ. ಸೌದೆಯನ್ನು ಗುರುರಾಜ ಪೆಟ್ರೋಲ್ ಬಂಕಿನಿಂದ ತಂದ. ಅಲ್ಲಿ ಸೌದೆ ಮಾರುವುದೂ ಬಂಕಿನಲ್ಲೇ. ಅದು ಒಣಗಿರಲಿಲ್ಲ.

ಸಂಕಲ್ಪ ಮುಗಿಯುವಷ್ಟರಲ್ಲಿ ಬೇಲಿಯಾಚೆ ಎಂಜಿನ್ನುಗಳು ಎದ್ದವು. ಗುರುರಾಜ ಪಂಚೆಯಲ್ಲಿ ಕೂತಲ್ಲಿಂದಲೇ ನನ್ನನ್ನು ನೋಡಿದ. ನಾನು ಸುಧಾಳನ್ನು ನೋಡಿದೆ.

"ಇರಲಿ ಬಿಡಿ ಮಾವ, ನಾವು ಮಾತು ಕೊಟ್ಟಿದೀವಲ್ಲ," ಎಂದು ಕಿರುಚಿದಳು.

ಶ್ರೀಕಂಠರು ದನಿ ಏರಿಸಿದರು. ಎಂಜಿನ್ನುಗಳೂ ಏರಿಸಿದವು. ಸುಮಾರು ಹೊತ್ತು ಎರಡು ಪಕ್ಷವೂ ಬಿಟ್ಟುಕೊಡಲಿಲ್ಲ. ಬಂದವರೆಲ್ಲ ಕಿವಿ ಮುಚ್ಚಿಕೊಂಡು ಭಕ್ತಿಯಿಂದ ಕೂತಿದ್ದರು. ಅಷ್ಟರಲ್ಲಿ ಗಾಳಿ ತಿರುಗಿತು. ಹಸಿ ಸೌದೆ, ತುಪ್ಪ, ಕೊಬ್ಬರಿ ಎಲ್ಲ ಸೇರಿದ ದಪ್ಪ ಬಿಳಿ ಹೊಗೆ ನೆಲದ ಮೇಲೆ ಒಂದು ಸುತ್ತು ಹಾಕಿ, ಬೇಲಿ ಹತ್ತಿ, ಆಚೆ ಇಳಿಯಿತು. ಒಂದೆರಡು ಗುದ್ದಿನ ಸದ್ದು ಕೇಳಿತು. ಬಳಿಕ ಎಲ್ಲವೂ ಒಮ್ಮೆಗೇ ನಿಂತಿತು.

ಆ ನಿಶ್ಶಬ್ದದಲ್ಲಿ ಶ್ರೀಕಂಠರ ಮಂತ್ರವೊಂದೇ ಗ್ಯಾಲರಿಯವರೆಗೂ ಮೊಳಗಿತು. ಅವರು ಗಾಬರಿಗೊಂಡು ದನಿ ಇಳಿಸಿದರು.

ಬೇಲಿಯ ಮೇಲೆ ಮೊದಲು ಒಂದು ಹೆಲ್ಮೆಟ್ ಮೂಡಿತು. ಟ್ರ್ಯಾಕಿನ ಬೆಂಕಿ ಆರಿಸುವವನು. ಕೈಯಲ್ಲಿ ಕೆಂಪು ಸಿಲಿಂಡರ್. ಅವನ ಪಕ್ಕದಲ್ಲಿ ಕೆವಿನ್, ಕಂಕುಳಲ್ಲಿ ಕೆಂಪು ಬಾವುಟ.

"ಗುರು, ಏನದು ಉರೀತಿರೋದು?" ಎಂದ ಕೆವಿನ್.

"ಪ್ರಾರ್ಥನೆ," ಎಂದ ಗುರುರಾಜ.

"ಡ್ರೈವರುಗಳಿಗೆ ಮೂಲೆ ಕಾಣ್ತಿಲ್ಲ. ಆರಿಸಬಹುದಾ?"

"ಹತ್ತು ಸೆಕೆಂಡಿನ ಕೆಲಸ," ಎಂದ ಹೆಲ್ಮೆಟ್ಟಿನವನು, ಸಿಲಿಂಡರಿನ ಪಿನ್ನಿಗೆ ಕೈಹಾಕುತ್ತ.

ಸುಧಾ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಮಕುಂಡಕ್ಕೂ ಬೇಲಿಗೂ ನಡುವೆ ಬಂದು ನಿಂತಳು. "ಇದು ಈ ಮನೆಯ ಮೊದಲ ಬೆಂಕಿ ಕೆವಿನ್. ಇದನ್ನ ನಡುವೆ ಆರಿಸಿದ್ರೆ ನಾನು ಈ ಮನೇಲಿ ಇರೋಲ್ಲ. ಈಗಲೇ ಹೇಳ್ತೀನಿ. ಮಾರಿಬಿಡ್ತೀವಿ."

ಕೆವಿನ್ ಅವಳನ್ನೂ ಬೆಂಕಿಯನ್ನೂ ನೋಡಿದ. ಮನೆ ಮಾರಿದರೆ ಇನ್ನು ಯಾರು ಬರುತ್ತಾರೋ ಎಂದು ಎಣಿಸಿದನೋ, ಬೇರೇನು ಯೋಚಿಸಿದನೋ ಹೇಳಲಾರೆ. ಹಿಂದೆ ಗ್ಯಾಲರಿಯಲ್ಲಿ ಜನ ಶಿಳ್ಳೆ ಹಾಕತೊಡಗಿದ್ದರು.

"ಎಷ್ಟು ಹೊತ್ತು ಬೇಕು?"

ಶ್ರೀಕಂಠರು ಎರಡು ಕೈಗಳ ಬೆರಳನ್ನೂ ಬಿಡಿಸಿ ತೋರಿಸಿದರು. ಹತ್ತು ನಿಮಿಷ.

"ಫೈನಲ್ ಬಾಕಿ ಇದೆ ಕೆವ್," ಎಂದ ಹೆಲ್ಮೆಟ್ಟಿನವನು. "ಹತ್ತಕ್ಕೆ ಎಂಜಿನ್ ಆಫ್ ಮಾಡಬೇಕು. ಕೌನ್ಸಿಲ್ ಆರ್ಡರು."

"ಅವರ ಹಿತ್ತಲು ಅದು," ಎಂದ ಕೆವಿನ್. "ಮುಗಿಸಲಿ." ಕೆಂಪು ಬಾವುಟವನ್ನು ಬಿಡಿಸಿ ಬೇಲಿಯ ಮೇಲೆ ಟವೆಲು ಹಾಕಿದಂತೆ ಹಾಕಿ, ಆಚೆಯ ಏಣಿಯ ಮೇಲೆ ಕೂತ.

ಪುರೋಹಿತರು ಹತ್ತು ನಿಮಿಷ ಎಂದರೆ ಎಷ್ಟೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಬೇರೆ ಮನೆಗಳಲ್ಲಿ ಅರ್ಧ ನುಂಗುವ ಶ್ರೀಕಂಠರು ಗ್ಯಾಲರಿ ತುಂಬ ಜನ ಕೇಳುತ್ತಿರುವಾಗ ಒಂದಕ್ಷರವನ್ನೂ ಬಿಡಲಿಲ್ಲ. ಪೂರ್ಣಾಹುತಿಗೆ ಜ್ವಾಲೆ ಬೇಲಿಯ ಎತ್ತರಕ್ಕೆ ಎದ್ದಾಗ ಗ್ಯಾಲರಿಯವರು ಅದೂ ಟಿಕೆಟ್ಟಿನಲ್ಲಿ ಸೇರಿದೆಯೆಂದು ತಿಳಿದು ಚಪ್ಪಾಳೆ ತಟ್ಟಿದರು. ಸುಧಾ ಕೇಸರಿಬಾತಿನ ಎರಡು ದೊನ್ನೆಗಳನ್ನು ಬೇಲಿಯ ಮೇಲಿಂದ ಕೊಟ್ಟಳು. ಹೆಲ್ಮೆಟ್ಟಿನವನು ಸಿಲಿಂಡರ್ ಕೆಳಗಿಟ್ಟು ತೆಗೆದುಕೊಂಡ.

"ಇದರ ಮೇಲೆ ನಾನು ಒಂದು ದೂರು ಬರೀಬೇಕಾಗುತ್ತೆ," ಎಂದ ಕೆವಿನ್, ತಿಂದು ಮುಗಿಸಿ. "ರೇಸು ನಿಂತರೆ ಬಾವುಟದವನೇ ಕೌನ್ಸಿಲ್‌ಗೆ ಬರೀಬೇಕು. ರೂಲು."

"ಬರಿ," ಎಂದ ಗುರುರಾಜ. "ನಾವು ಬರಿಯಂಗಿಲ್ಲ ಅಂದಿದ್ವಿ. ನೀ ಬರಿಯಬಾರದು ಅಂದಿರಲಿಲ್ಲ." ಇದನ್ನು ಕನ್ನಡದಲ್ಲೇ ಹೇಳಿದ. ಕೆವಿನ್ ತಲೆಯಾಡಿಸಿದ.

ಆಗಲೇ ಹತ್ತು ದಾಟಿದ್ದರಿಂದ ಅಂದಿನ ಫೈನಲ್ ನಡೆಯಲಿಲ್ಲ. ಬೇಸಿಗೆ ಮುಗಿದ ಮೇಲೆ ಕೌನ್ಸಿಲ್ ಟ್ರ್ಯಾಕಿಗೆ ಇನ್ನೊಂದು ವರ್ಷದ ಅನುಮತಿ ಕೊಟ್ಟಿತು. ಆ ಸೀಸನ್ನಿನಲ್ಲಿ ಸದ್ದಿನ ಬಗ್ಗೆ ಯಾವ ದೂರೂ ಬಂದಿರಲಿಲ್ಲ. ಹೊಗೆಯ ಬಗ್ಗೆ ಒಂದು ಬಂದಿತ್ತು.